ಗ್ರೋಪ್, ಫಂಬಲ್: ಎರಡೂ ತಡಕಾಡೋದೇ ತಾನೇ?

ಗ್ರೋಪ್, ಫಂಬಲ್ ಎಂಬ ಎರಡು ಇಂಗ್ಲಿಷ್ ಪದಗಳಿಗೂ ‘ತಡಕಾಡು’ ಅಂತಲೇ ಅರ್ಥ ಸಿಗುತ್ತದೆ, ಬಸ್ಸಿನಲ್ಲಿ ಮೈ ಮುಟ್ಟುವವನ ಬಗ್ಗೆ ಯಾವುದನ್ನು ಬಳಸಬೇಕು ಎಂದು ಕೇಳಿದ್ದೀರಿ. ಹಾಸನದಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ.

ಸಕಲೇಶಪುರದ ಕಡೆಯ ಮಳೆಗಾಲ ನೆನೆಸಿಕೊಳ್ಳಿ. ಸಂಜೆ ಕರೆಂಟ್ ಹೋಯಿತು. ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣಕ್ಕೆ ಕೈಯಾಡಿಸುತ್ತೀರಿ. ಇದು ‘ಗ್ರೋಪ್ ಫಾರ್’. ಪೊಟ್ಟಣ ಸಿಕ್ಕಿತು. ಆದರೆ ಕಡ್ಡಿಗೆಲ್ಲ ಥಂಡಿ. ಒಂದು ಮುರಿಯಿತು, ಇನ್ನೊಂದು ಕೈಜಾರಿ ಬಿತ್ತು. ಇದು ಫಂಬಲ್. ಕ್ರಿಕೆಟ್‌ನಲ್ಲಿ ಕೈಗೆ ಬಂದ ಚೆಂಡನ್ನು ಫೀಲ್ಡರ್ ಬಿಟ್ಟಾಗಲೂ ಫಂಬಲ್ ಅನ್ನುತ್ತಾರಲ್ವಾ, ಅದೇ. ಮಾತು ಸಿಗದೆ ತಡವರಿಸುವುದಕ್ಕೂ ನಡೆಯುತ್ತದೆ.

ಈಗ ಆ ‘ಫಾರ್’ ತೆಗೆದುಬಿಡಿ. ಗ್ರೋಪ್ ಆದ ಮೇಲೆ ನೇರವಾಗಿ ಮನುಷ್ಯರು ಬಂದರೆ ಅರ್ಥವೇ ಬೇರೆ: ಒಪ್ಪಿಗೆ ಇಲ್ಲದೆ, ಕೆಟ್ಟ ಉದ್ದೇಶದಿಂದ ಮೈಮೇಲೆ ಕೈ ಹಾಕುವುದು.

ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ದೂರು ಬರೆದು ತಂದಿದ್ದಳು. ಬೇಲೂರು ಕಡೆಯಿಂದ ಬರುವ ಬಸ್ಸು, ಕಾಲಿಡಲು ಜಾಗವಿಲ್ಲ, ಹಿಂದೆ ನಿಂತವನ ಕೈ. ‘ಹಿ ಫಂಬಲ್ಡ್ ಮಿ’ ಎಂದಿತ್ತು. ಓದಿದವರಿಗೆ, ಪಾಪ, ಬ್ರೇಕ್ ಹಾಕಿದಾಗ ತಗುಲಿರಬೇಕು ಅನ್ನಿಸುತ್ತದೆ! ಫಂಬಲ್‌ನಲ್ಲಿ ಬೇಕಂತಲೇ ಮಾಡಿದ ತಪ್ಪಿಲ್ಲ. ‘ಗ್ರೋಪ್ಡ್’ ಎಂದು ತಿದ್ದಿದೆವು.

ಇಂಥದ್ದಕ್ಕೆ ಬಳಸುವ ಬೇರೆ ಪದಗಳೂ ಇವೆ. ‘ಪಾ’ (paw) ಅಂದರೆ ಪ್ರಾಣಿಯ ಪಂಜ. ಒರಟಾಗಿ ಮೈ ಮುಟ್ಟುವವನಿಗೂ ಅದನ್ನೇ ಬಳಸುತ್ತಾರೆ, ಸರಿಯಾಗಿಯೇ ಇದೆ. ಫಾಂಡಲ್ ಬಗ್ಗೆ ಎಚ್ಚರ, ಪ್ರೀತಿಯಿಂದ ಸವರುವುದೂ ಅದರಲ್ಲಿ ಸೇರುತ್ತದೆ. ಮೊಲೆಸ್ಟ್, ಅಂದರೆ ಲೈಂಗಿಕ ಕಿರುಕುಳ ಕೊಡುವುದು, ನಮ್ಮ ಪತ್ರಿಕೆಗಳಲ್ಲಿ ಜಾಸ್ತಿ. ಹೊರದೇಶದವರಿಗೆ ಹೆಚ್ಚಾಗಿ ಮಕ್ಕಳ ಮೇಲಿನ ದೌರ್ಜನ್ಯವೇ ನೆನಪಾಗುತ್ತದೆ. ಇನ್ನು ‘ಈವ್ ಟೀಸಿಂಗ್’ ನಮ್ಮ ಕಡೆಯ ಇಂಗ್ಲಿಷ್. ನನಗಂತೂ ಆಗಿಬರದ ಪದ. ಸುಮ್ನೆ ರೇಗಿಸಿದ ಹಾಗೆ ಕೇಳಿಸುತ್ತದೆ.

ಕಾನೂನಿನ ಭಾಷೆ ಇನ್ನೂ ಹಳೆಯದು: ‘ಔಟ್‌ರೇಜಿಂಗ್ ಮಾಡೆಸ್ಟಿ’, ಅಂದರೆ ಹೆಣ್ಣಿನ ಮಾನಕ್ಕೆ ಧಕ್ಕೆ ತರುವುದು. ಮೊದಲು ಐಪಿಸಿ (ಭಾರತೀಯ ದಂಡ ಸಂಹಿತೆ) 354ನೇ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್. ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ.

ಅಂದಹಾಗೆ, ಆ ಹುಡುಗಿ ಇಂಗ್ಲಿಷ್ ಪ್ರತಿಯನ್ನು ಕಾಲೇಜಿಗೆ ಕೊಟ್ಟಳು. ಸ್ಟೇಷನ್ನಿಗೆ ಕೊಟ್ಟಿದ್ದು ಕನ್ನಡದಲ್ಲಿ. ಅದರಲ್ಲಿ ‘ಮೈಮೇಲೆ ಕೈ ಹಾಕಿದ’ ಅಂತ ಬರೆದಿದ್ದಳು. ಅದಕ್ಕೆ ನನ್ನ ತಿದ್ದುಪಡಿಯೇನೂ ಬೇಕಾಗಲಿಲ್ಲ.