ಲಾಗ್‌ಔಟ್ ಆದರೂ ಉಳಿಯುವ ಕುಕೀ: ಪ್ರತಿಕ್ರಿಯೆ

ಖಾತೆ ಫೋಲ್ಡರಿನ ಲಾಗ್‌ಔಟ್ ಪುಟದಲ್ಲಿ ಅವಧಿ ಮುಗಿಯುವ ದಿನಾಂಕವಾಗಿ ಹಿಂದಿನ ದಿನಾಂಕವೊಂದನ್ನು ಕೊಟ್ಟು ಸೆಟ್‌ಕುಕೀ (ಕುಕೀ ಇಡುವ, ಅಳಿಸುವ ಪಿಎಚ್‌ಪಿ ಆದೇಶ) ಕರೆದರೂ, ಮುಖ್ಯ ಪುಟದಲ್ಲಿ ಇಟ್ಟ ಕುಕೀ (ತಾಣವು ಬ್ರೌಸರಿನಲ್ಲಿ ಉಳಿಸುವ ಚಿಕ್ಕ ಮಾಹಿತಿ) ಅಳಿಯುತ್ತಿಲ್ಲವೆಂದು ಬರೆದಿದ್ದೀರಿ. ಬ್ರೌಸರು ಕುಕೀಯನ್ನು ಹೆಸರಿನಿಂದಷ್ಟೇ ಗುರುತಿಸುವುದಿಲ್ಲ. ಹೆಸರು, ಡೊಮೈನ್ (ತಾಣದ ವಿಳಾಸ), ಪಾತ್ (ತಾಣದೊಳಗೆ ಕುಕೀ ಸಲ್ಲುವ ಫೋಲ್ಡರು) ಮೂರೂ ಹೊಂದಿದರೆ ಮಾತ್ರ ಹಳೆಯದನ್ನು ತೆಗೆಯುತ್ತದೆ. ಮನೆ ಸಂಖ್ಯೆ ಒಂದೇ ಆದರೂ ಜಯನಗರ 4ನೇ ಬ್ಲಾಕಿನ ಕಾಗದ 9ನೇ ಬ್ಲಾಕಿಗೆ ಸಲ್ಲುವುದಿಲ್ಲವಷ್ಟೆ.

ತಾಣ ಕಟ್ಟುವ ಭಾಷೆಯಾದ ಪಿಎಚ್‌ಪಿಯಲ್ಲಿ ಪಾತ್ ಕೊಡದಿದ್ದರೆ ಆ ಪುಟವಿರುವ ಫೋಲ್ಡರೇ ಪಾತ್ ಆಗುವುದರಿಂದ, ನಿಮ್ಮ ಲಾಗ್‌ಔಟ್ ಪುಟವು ಮುಖ್ಯ ಪುಟದ ಕುಕೀಯನ್ನು ಓದಬಲ್ಲದಾದರೂ (ಗೊಂದಲ ಹುಟ್ಟುವುದೇ ಇಲ್ಲಿ) ಅಳಿಸಲು ಹೊರಡುವುದು ಖಾತೆ ಫೋಲ್ಡರಿನ ಕುಕೀಯನ್ನು, ಅಂದರೆ ಇಲ್ಲದ ಒಂದನ್ನು. ಇಡುವಾಗ, ಅಳಿಸುವಾಗ ಎರಡೂ ಕಡೆ ಪಾತ್‌ಗೆ ಒಂದು ಓರೆಗೆರೆಯನ್ನಷ್ಟೇ (/, ಅಂದರೆ ಇಡೀ ತಾಣ) ಕೊಡಿ. ಇಡುವಾಗ ಡೊಮೈನ್ ಕೊಟ್ಟಿದ್ದರೆ ಅಳಿಸುವಾಗಲೂ ಅದನ್ನೇ ಕೊಡಿ. ಸರ್ವರಿನಲ್ಲಿರುವ ಸೆಶನ್ನನ್ನೂ (ಲಾಗಿನ್ ಆದವರ ದಾಖಲೆ) ಲಾಗ್‌ಔಟ್ ಪುಟದಲ್ಲೇ ಕೊನೆಗೊಳಿಸಿ. ಕುಕೀ ಅಳಿದ ಮಾತ್ರಕ್ಕೆ ಸೆಶನ್ ಸಾಯುವುದಿಲ್ಲ.