ಲೆಕ್ಕಕ್ಕೆ ಸಿಗದ ದುಡಿಮೆ, ನೀಗದ ಬಡತನ

ಪ್ರಶ್ನೆ: ಬೀದಿ ವ್ಯಾಪಾರಿಗಳು, ಮನೆಯಲ್ಲೇ ಬೀಡಿ ಕಟ್ಟುವವರು ಮೊದಲಾದವರನ್ನೆಲ್ಲ ನೋಂದಾಯಿಸಿ ಕಾನೂನಿನ ಚೌಕಟ್ಟಿಗೆ ತಂದರೆ ಬಡ ದೇಶಗಳ ಬಡತನ ತಾನಾಗಿಯೇ ಇಳಿಯುವುದಿಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಾನಾಗಿ ಇಳಿಯುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ಅಂದಾಜಿನಂತೆ ಜಗತ್ತಿನ ದುಡಿಯುವವರಲ್ಲಿ ಸುಮಾರು 200 ಕೋಟಿ ಜನ, ಎಂದರೆ ಶೇ. 61ರಷ್ಟು ಮಂದಿ, ಅನೌಪಚಾರಿಕ ದುಡಿಮೆಯಲ್ಲಿದ್ದಾರೆ, ಎಂದರೆ ಕಾನೂನಿನ ರಕ್ಷಣೆ, ಸಾಮಾಜಿಕ ಭದ್ರತೆಗಳು ಸರಿಯಾಗಿ ತಲುಪದ ಕೆಲಸಗಳಲ್ಲಿದ್ದಾರೆ. ಇವರೆಲ್ಲ ಬಡವರೂ ಅಲ್ಲ. ಬಡವರೆಲ್ಲ ಕೆಲಸವಿಲ್ಲದವರೂ ಅಲ್ಲ. ನಿರುದ್ಯೋಗ ಭತ್ಯೆಯಿಲ್ಲದ ದೇಶದಲ್ಲಿ ಕೈಕಟ್ಟಿ ಕೂರುವುದು ಉಳ್ಳವರಿಗೆ ಮಾತ್ರ ಸಾಧ್ಯ. 1960ರ ದಶಕದಲ್ಲಿ ಘಾನಾದ ಅಕ್ರಾ ನಗರದ ನೀಮಾ ಬಡಾವಣೆಯಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಕೀತ್ ಹಾರ್ಟ್, ಉತ್ತರದಿಂದ ವಲಸೆ ಬಂದ ಫ್ರಾಫ್ರಾ ಜನರಲ್ಲಿ ಸಂಬಳದ ಕೆಲಸವಿದ್ದವರೂ ಆ ಸಂಬಳ ಸಾಲದೆ ಪಕ್ಕದಲ್ಲೊಂದು ಚಿಲ್ಲರೆ ದುಡಿಮೆ ಇಟ್ಟುಕೊಂಡಿದ್ದನ್ನು ಕಂಡರು.

ನೀವು ಬೀಡಿಯ ಮಾತೆತ್ತಿದ್ದು ಒಳ್ಳೆಯದಾಯಿತು. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಗುತ್ತಿಗೆದಾರ ಎಲೆ, ತಂಬಾಕುಗಳನ್ನು ತೂಗಿ ಕೊಡುತ್ತಾನೆ. ಮಜೂರಿ ಸಾವಿರ ಬೀಡಿಗೆ ಇಂತಿಷ್ಟು. ಎಲೆ ಕೆಟ್ಟು ಕೊರತೆಯಾದರೆ ಕೈಯಿಂದ ಹಣ ಹಾಕಬೇಕು, ಕಳಪೆಯೆಂದು ಎತ್ತಿಟ್ಟ ಬೀಡಿಗೆ ಕೂಲಿಯಿಲ್ಲ. ಅದೇ ಬೀಡಿಗೆ ಚೀಟಿ ಅಂಟಿಸಿ ಮಾರುವ ಕಂಪನಿಯಾದರೋ ನೋಂದಣಿಯಾದದ್ದು, ತೆರಿಗೆ ಕಟ್ಟುವಂಥದ್ದು. ನಷ್ಟದ ಭಾರವನ್ನು ಮನೆಯ ಜಗಲಿಗೆ ಇಳಿಸಿದ್ದರಿಂದಲೇ ಕಂಪನಿಯ ಲೆಕ್ಕಪುಸ್ತಕ ಅಷ್ಟು ಶುಭ್ರವಾಗಿದೆ ಎಂಬುದು ನನ್ನ ಅಭಿಪ್ರಾಯ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಗುರುತಿಸಿತ್ತು. ಆದರೂ ಬದುಕಿನಲ್ಲಿ ವ್ಯತ್ಯಾಸ ಕಂಡದ್ದು ಕೆಲಸದ ಲೆಕ್ಕ ಬರೆದಿಡುವ ಲಾಗ್‌ಬುಕ್‌ನ ಜೊತೆ ಭವಿಷ್ಯನಿಧಿಯೂ (ಪಿಎಫ್) ದೊರೆತವರಿಗೆ. ಹೆಸರು ಬರೆದುಕೊಳ್ಳುವುದು ಸುಲಭ, ಆ ನಿಧಿಗೆ ಮಾಲೀಕನ ಪಾಲನ್ನು ವಸೂಲು ಮಾಡುವುದು ಕಷ್ಟ.

ಬೀದಿ ವ್ಯಾಪಾರಿಯ ಕಷ್ಟ ಬೇರೆ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ತೀರಿಸುವ ಮೀಟರ್ ಬಡ್ಡಿಯೆಂದರೆ ದಿನಕ್ಕೇ ಶೇ. 11. ಅಂಥವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಮಾಣಪತ್ರ ಬೆಲೆ ಬಾಳುವುದು, ಅದನ್ನು ತೋರಿಸಿದಾಗ ಬ್ಯಾಂಕು ಸಾಲ ಕೊಟ್ಟರೆ ಮತ್ತು ಗಾಡಿಯನ್ನು ಯಾರೂ ಎತ್ತಿಕೊಂಡು ಹೋಗದಿದ್ದರೆ.

ಪ್ರಶ್ನೆ: ಹಾಗಾದರೆ ಇವರು ನೋಂದಣಿಗೆ ಹಿಂಜರಿಯುವುದೇಕೆ?
— ಅದೇ ಓದುಗರು

ಉತ್ತರ: 2025ರ ಜುಲೈನಲ್ಲಿ ಯುಪಿಐ ವಹಿವಾಟನ್ನು ಆಧರಿಸಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ಸರ್ಕಾರದ ಕಣ್ಣಿಗೆ ಬಿದ್ದೊಡನೆ ಮೊದಲು ಬರುವುದು ನೋಟಿಸು, ಪಿಂಚಣಿಯಲ್ಲ ಎಂದು ಅವರು ಲೆಕ್ಕ ಹಾಕಿದ್ದಾರೆ.