ಗೋಡೆ ಮೇಲಿನ ಟೈಮ್‌ಟೇಬಲ್ ಸದ್ಯಕ್ಕೆ ತೆಗೆದಿಡಿ

ಪ್ರಶ್ನೆ: ಮೇಡಂ, ನನಗೆ ಇಬ್ಬರು ಮಕ್ಕಳು. ಮಗಳಿಗೆ 7 ವರ್ಷ, ಮಗನಿಗೆ 4. ಮಗಳನ್ನು ಶಾಲೆ ಬಿಡಿಸಿ ಎರಡು ತಿಂಗಳಾಯಿತು, ಈಗ ಮನೆಯಲ್ಲೇ ಕಲಿಸುತ್ತಿದ್ದೇನೆ. ಬೆಳಗ್ಗೆ 9ರಿಂದ 1ರವರೆಗೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೇನೆ. ಒಂದು ದಿನವೂ ಅದರಂತೆ ನಡೆದಿಲ್ಲ. ಅರ್ಧ ಗಂಟೆಯೊಳಗೆ ಚಿಕ್ಕವನು ಪುಸ್ತಕ ಎಳೆಯುತ್ತಾನೆ, ದೊಡ್ಡವಳು "ನೀನೇನು ಟೀಚರ್ ಅಲ್ಲ" ಅಂತ ಎದ್ದು ಹೋಗುತ್ತಾಳೆ, ನಾನು ಗದರುತ್ತೇನೆ, ಆಮೇಲೆ ಎಲ್ಲರಿಗೂ ಅಳು. ದಿನಕ್ಕೆ ಎಷ್ಟು ಗಂಟೆ ಕಲಿಸಬೇಕು? ಇದೊಂದು ರೂಢಿಗೆ ಬರುವುದು ಹೇಗೆ?

ಉತ್ತರ: ಮೊದಲು ಗಂಟೆಯ ವಿಚಾರ ಮುಗಿಸೋಣ, ಯಾಕೆಂದರೆ ನಿಮ್ಮ ಅರ್ಧ ಕಷ್ಟ ಅಲ್ಲೇ ಇದೆ. 7 ವರ್ಷದ ಮಗುವಿಗೆ ಕೂತು ಓದುವ, ಬರೆಯುವ ಕೆಲಸ ದಿನಕ್ಕೆ ಒಂದು, ಒಂದೂವರೆ ಗಂಟೆ ಸಾಕು. ಅದೂ ಒಂದೇ ಸಮನೆ ಅಲ್ಲ, ಚೂರು ಚೂರಾಗಿ. 4 ವರ್ಷದವನಿಗೆ ಕೂರಿಸಿ ಕಲಿಸುವ ಅಗತ್ಯವೇ ಇಲ್ಲ. ಶಾಲೆಯಲ್ಲಿ ಐದಾರು ಗಂಟೆ ಇರುತ್ತಾರಲ್ಲ ಅಂತ ನೀವು ಕೇಳಬಹುದು. ಅಲ್ಲಿ ಹಾಜರಿ, ಸಾಲು, ಎಲ್ಲರೂ ಬರೆದು ಮುಗಿಸುವವರೆಗೆ ಕಾಯುವುದು, ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುವುದು ಎಲ್ಲ ಸೇರಿ ಅಷ್ಟು ಹೊತ್ತು ಆಗುತ್ತದೆ. ಪಕ್ಕದಲ್ಲೇ ಕೂತು ಒಬ್ಬಳಿಗೇ ಕಲಿಸುವಾಗ ಅದೇ ಪಾಠ ಬೇಗ ಮುಗಿಯುತ್ತದೆ. ಬ್ರಿಟನ್ನಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಎಂಟು ವರ್ಷದೊಳಗಿನ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟಬಾರದು ಅಂತ ಹೇಳಿದ್ದರು. ಇವತ್ತಿಗೂ ಈ ಅಳತೆ ಸರಿಯಾಗಿಯೇ ಇದೆ. ಮಗುವಿನ ಗಮನ ಚದುರಿದ ಮೇಲೆ ಎಳೆದು ಕೂರಿಸಿದ ಹತ್ತು ನಿಮಿಷದಲ್ಲಿ ತಲೆಗೆ ಏನೂ ಹೋಗುವುದಿಲ್ಲ, ಪುಸ್ತಕ ಕಂಡರೆ ಬೇಸರ ಮಾತ್ರ ಉಳಿಯುತ್ತದೆ.

ಇನ್ನು ಟೈಮ್‌ಟೇಬಲ್. ಚಿಕ್ಕ ಮಕ್ಕಳಿಗೆ "9:40ಕ್ಕೆ ಗಣಿತ" ಅನ್ನುವುದು ಅರ್ಥವಾಗುವುದಿಲ್ಲ. "ತಿಂಡಿ ಆದ ಮೇಲೆ" ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಗಡಿಯಾರ ಬಿಟ್ಟುಬಿಡಿ, ಕ್ರಮ ಹಿಡಿಯಿರಿ. ನಿಮ್ಮ ಮನೆಯಲ್ಲಿ ಯಾರೂ ಜ್ಞಾಪಿಸದೆ ದಿನಾ ನಡೆಯುವ ಕೆಲಸಗಳು ಇದ್ದೇ ಇವೆ: ಏಳುವುದು, ತಿಂಡಿ, ಊಟ, ಸ್ನಾನ, ನಿದ್ದೆ. ಕಲಿಕೆಯನ್ನು ಇವುಗಳ ಬೆನ್ನಿಗೆ ಕಟ್ಟಿ. ಒಂದು ದಿನ ತಿಂಡಿ 8ಕ್ಕೆ ಆಗಲಿ, ಇನ್ನೊಂದು ದಿನ ಹತ್ತಕ್ಕೇ ಆಗಲಿ, ಅದರ ಹಿಂದೆ ಬರುವ ಕೆಲಸ ಮಾತ್ರ ಬದಲಾಗಬಾರದು. ತಡವಾಯಿತು ಅಂತ ನಿಮಗೂ ಗಾಬರಿ ಇರುವುದಿಲ್ಲ.

ದಯವಿಟ್ಟು ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಎರಡು ವಾರ ಒಂದೇ ಒಂದು ಕೆಲಸ ಇರಲಿ: ತಿಂಡಿ ಆದ ಮೇಲೆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಓದುವುದು. ಅಷ್ಟೇ. ಗಣಿತ ಇಲ್ಲ, ಕಾಪಿ ಬರೆಯುವುದಿಲ್ಲ. ಎರಡು ವಾರ ದಂಡ ಆಯಿತಲ್ಲ ಅಂತ ಅನಿಸುತ್ತದೆ, ಗೊತ್ತು. ಆದರೆ ಮಗಳು ಶಾಲೆಯಿಂದ ಈಗಷ್ಟೇ ಹೊರಬಂದಿದ್ದಾಳೆ. ಹೋಮ್‌ಸ್ಕೂಲಿಂಗ್ ಮಾಡುವವರಲ್ಲಿ ಒಂದು ಮಾತಿದೆ: ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಬಿಡುವು ಕೊಡಿ ಅಂತ. ಇದು ಸಂಶೋಧನೆ ಮಾಡಿ ಕಂಡುಕೊಂಡ ಲೆಕ್ಕವಲ್ಲ, ಅನುಭವಸ್ಥರ ಮಾತು. ತಿಂಗಳುಗಟ್ಟಲೆ ಬಿಡುವು ಕೊಡಲೇಬೇಕು ಅಂತ ನಾನು ಹೇಳುವುದಿಲ್ಲ, ಆದರೆ ಸ್ವಲ್ಪ ದಿನ ಸುಮ್ನೆ ಆಡಲು ಬಿಟ್ಟರೆ ಅವಳ ಬಿಗಿ ಸಡಿಲವಾಗುತ್ತದೆ. ಕಥೆಗೆ ಕರೆಯದೆಯೇ ಬಂದು ಕೂರಲು ಶುರು ಮಾಡಿದಾಗ ಎರಡನೆಯ ಕೆಲಸ ಸೇರಿಸಿ. ಅದೂ ನಿಂತಿತು ಅನ್ನಿಸಿದ ಮೇಲೆ ಮೂರನೆಯದು.

ಚಿಕ್ಕವನು ಪುಸ್ತಕ ಎಳೆಯುವುದು ತುಂಟತನದಿಂದಲ್ಲ. ಅಮ್ಮ ಅಕ್ಕನ ಜೊತೆ ಮಾತ್ರ ಇದ್ದಾಳೆ ಅನ್ನುವುದು ಅವನಿಗೆ ಕಾಣುತ್ತಿದೆ. ಆದ್ದರಿಂದ ಮೊದಲ ಸರದಿ ಯಾವಾಗಲೂ ಅವನದೇ ಆಗಲಿ. ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಅವನಿಗೆ ಬೇಕಾದ ಪುಸ್ತಕ ಓದಿ, ಓದಿದ್ದನ್ನೇ ಮೂರು ಸಲ ಓದು ಅಂದರೂ ಓದಿ. ಆಮೇಲೆ ಅವನ ಕೈಗೆ ಒಂದು ಡಬ್ಬ ಕೊಡಿ. ಅಕ್ಕನ ಪಾಠದ ಹೊತ್ತಿನಲ್ಲಿ ಮಾತ್ರ ಹೊರಬರುವ ಡಬ್ಬ ಅದು, ಉಳಿದ ಹೊತ್ತು ಮೇಲೆ ಎತ್ತಿಟ್ಟಿರಬೇಕು. ಒಳಗೆ ಜೇಡಿಮಣ್ಣು, ಬೇರೆ ಬೇರೆ ಅಳತೆಯ ಬಾಟಲಿ ಮತ್ತು ಅವುಗಳ ಮುಚ್ಚಳ, ಮೊಂಡು ಕತ್ತರಿ, ಹಳೆ ಕಾಗದ. ಯಾವ ಮುಚ್ಚಳ ಯಾವ ಬಾಟಲಿಗೆ ಅಂತ ತಿರುಗಿಸಿ ತಿರುಗಿಸಿ ನೋಡುವಾಗ ಅವನ ಬೆರಳಿಗೆ ಬರುವ ಬಲವೇ ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದದ್ದು. ನಾಲ್ಕೈದು ದಿನಕ್ಕೊಮ್ಮೆ ಒಂದೆರಡು ವಸ್ತು ಬದಲಿಸಿ, ಇಲ್ಲದಿದ್ದರೆ ಡಬ್ಬದ ಆಸೆ ಹೋಗುತ್ತದೆ.

ಈಗ ಮಗಳ ಸರದಿ. "ನೀನು ಟೀಚರ್ ಅಲ್ಲ" ಅಂದರೆ "ಹೌದು ಕಂದಾ, ನಾನು ಅಮ್ಮನೇ" ಅಂತ ಒಪ್ಪಿಕೊಂಡುಬಿಡಿ. ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂರಿ. ಪುಸ್ತಕಕ್ಕಿಂತ ಮೊದಲು ಕೈಗೆ ಸಿಗುವ ವಸ್ತು ಇರಲಿ. ಉದಾಹರಣೆಗೆ 42ರಲ್ಲಿ 17 ಕಳೆಯುವ ಲೆಕ್ಕ ತಗೊಳ್ಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಹತ್ತು ಹತ್ತು ಕಡ್ಡಿಗಳನ್ನು ರಬ್ಬರ್‌ಬ್ಯಾಂಡ್ ಹಾಕಿ ನಾಲ್ಕು ಕಟ್ಟು ಮಾಡಿ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಡಿ. "ಇದರಲ್ಲಿ ಹದಿನೇಳು ನನಗೆ ಕೊಡು" ಅನ್ನಿ. ಒಂದು ಕಟ್ಟು ಕೊಡುತ್ತಾಳೆ, ಇನ್ನು ಏಳು ಬೇಕು, ಬಿಡಿ ಇರುವುದು ಎರಡೇ. ಇಲ್ಲಿ ನೀವು ಬಾಯಿ ಮುಚ್ಚಿಕೊಂಡು ಕಾಯಬೇಕು. ಸ್ವಲ್ಪ ಹೊತ್ತು ನೋಡಿ ತಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತಾಳೆ. ಬಿಡಿ ಹನ್ನೆರಡಾಯಿತು, ಏಳು ಕೊಟ್ಟರೆ ಐದು ಉಳಿಯಿತು, ಕಟ್ಟು ಎರಡು ಉಳಿಯಿತು. ಇಪ್ಪತ್ತೈದು. "ಪಕ್ಕದ ಮನೆಯಿಂದ ಸಾಲ ತರುವುದು" ಅಂದರೆ ಏನು ಅಂತ ಅವಳ ಕೈಗೇ ಗೊತ್ತಾಯಿತು. ಇಂಥ ಎರಡು ಲೆಕ್ಕ ಆದರೆ ಆ ದಿನದ ಗಣಿತ ಮುಗಿಯಿತು. ಇನ್ನೊಂದು ಮಾಡೋಣ ಅಂತ ಅವಳೇ ಕೇಳಿದರೆ ಮಾಡಿ, ನೀವಾಗಿ ಕೇಳಬೇಡಿ.

ಒಂದು ವಿಷಯ ಒತ್ತಿ ಹೇಳುತ್ತೇನೆ. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ದಿನಾ 15 ನಿಮಿಷ ಎಷ್ಟೋ ಮೇಲು. ಬಿಡುವು ಕೊಟ್ಟು ಕೊಟ್ಟು ಕಲಿತದ್ದು ಜಾಸ್ತಿ ನೆನಪಿರುತ್ತದೆ ಅನ್ನುವುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟಿದ್ದರು. ಆಮೇಲೆ ಬಂದ ಪ್ರಯೋಗಗಳೂ ಅದನ್ನೇ ತೋರಿಸಿವೆ. ಹುಷಾರಿಲ್ಲದ ದಿನ, ನೆಂಟರು ಬಂದ ದಿನ ಎಲ್ಲ ತಪ್ಪಿದರೂ ಕಥೆಯೊಂದು ತಪ್ಪದಿರಲಿ, ಮರುದಿನ ಹಳಿಗೆ ಬರುವುದು ಸುಲಭವಾಗುತ್ತದೆ.

ರಾತ್ರಿ ಮಲಗುವ ಮುಂಚೆ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ: ಇವತ್ತು ಏನು ಮಾಡಿದೆವು, ಎಲ್ಲಿ ಕಷ್ಟವಾಯಿತು. ಮನೆಪಾಠದ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ ದಾಖಲೆ ಕೇಳುತ್ತಾರೆ, ನಿಮ್ಮಲ್ಲಿ ಏನಿದೆ ಅಂತ ವಿಚಾರಿಸಿಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ಏನೂ ಆಗುತ್ತಿಲ್ಲ ಅಂತ ಅನಿಸಿದ ದಿನ ಹಿಂದಿನ ಪುಟ ತಿರುವಿ ನೋಡಿದರೆ ನಿಮಗೇ ಧೈರ್ಯ ಬರುತ್ತದೆ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಮನೆಯಿಂದಲೇ ಕೆಲಸ ಮಾಡುತ್ತೇವೆ. ಮಗನಿಗೆ 4 ವರ್ಷ. ಮೀಟಿಂಗ್ ಇರುವಾಗ ಫೋನ್ ಕೊಟ್ಟು ಕೂರಿಸುತ್ತೇವೆ, ಈಗ ಎದ್ದ ಕೂಡಲೇ ಫೋನ್ ಬೇಕು ಅನ್ನುತ್ತಾನೆ. ನಮ್ಮಂಥವರಿಗೆ ಹೋಮ್‌ಸ್ಕೂಲಿಂಗ್ ಆಗುವ ಮಾತೇ?

ಉತ್ತರ: ಆಗುತ್ತದೆ ಸರ್. ಆದರೆ ಕೆಲಸ ಮತ್ತು ಮಗು ಎರಡನ್ನೂ ಒಂದೇ ಹೊತ್ತಿಗೆ ನೋಡಿಕೊಳ್ಳುತ್ತೇವೆ ಅಂತ ಹೊರಡಬೇಡಿ. ಕಲಿಕೆ ಬೆಳಗ್ಗೆಯೇ ಆಗಬೇಕು ಅಂತ ಎಲ್ಲೂ ಇಲ್ಲ. ಸಂಜೆ ಕೆಲಸ ಮುಗಿಸಿ ಒಬ್ಬರು ಅರ್ಧ ಗಂಟೆ ಪೂರ್ತಿಯಾಗಿ ಅವನ ಜೊತೆ ಕೂತರೆ ಈ ವಯಸ್ಸಿಗೆ ಧಾರಾಳವಾಯಿತು. ಮೀಟಿಂಗ್ ಇಲ್ಲದ ಹೊತ್ತನ್ನು ಹಿಂದಿನ ರಾತ್ರಿಯೇ ಇಬ್ಬರೂ ಹಂಚಿಕೊಳ್ಳಿ, ಬೆಳಗ್ಗೆ ಎದ್ದು ಚರ್ಚೆ ಬೇಡ.

ಫೋನಿನ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಕಾರ ನಿಮ್ಮ ಮಗನ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಸ್ಕ್ರೀನ್, ಕಡಿಮೆಯಾದಷ್ಟೂ ಒಳ್ಳೆಯದು. ಓಡಾಟ, ಆಟ ಎಲ್ಲ ಸೇರಿ ದಿನಕ್ಕೆ ಕನಿಷ್ಠ ಮೂರು ಗಂಟೆ ಬೇಕು, ನಿದ್ದೆ 10ರಿಂದ 13 ಗಂಟೆ. ಫೋನ್ ಪೂರ್ತಿ ಕಿತ್ತುಕೊಳ್ಳಬೇಡಿ, ಅದಕ್ಕೂ ಒಂದು ಜಾಗ ಕೊಡಿ. ಸಂಜೆ ಆಡಿ ಬಂದ ಮೇಲೆ ಅಂತ ಇಟ್ಟುಕೊಂಡರೆ ದಿನಾ ಆವಾಗಲೇ. ಬೆಳಗ್ಗೆ ಕೇಳಿದಾಗ "ಇಲ್ಲ" ಅನ್ನುವ ಬದಲು "ಆಡಿ ಬಂದ ಮೇಲೆ" ಅನ್ನಿ. ಮೊದಲ ವಾರ ಅಳು, ಹಠ ಎಲ್ಲ ಇರುತ್ತದೆ, ಮಧ್ಯೆ ಒಂದೇ ಒಂದು ದಿನ ಸಡಿಲ ಬಿಟ್ಟರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಊಟದ ಮೇಲೆ ಒಂದು ಸದ್ದಿಲ್ಲದ ಹೊತ್ತು ಕಲಿಸಿ. ಚಾಪೆ, ಚಿತ್ರಪುಸ್ತಕ, ಬ್ಲಾಕ್ಸ್, ಅವನೊಬ್ಬನೇ, ನೀವು ಕಣ್ಣಿಗೆ ಕಾಣುವಷ್ಟು ಹತ್ತಿರ. ಹತ್ತು ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಮುಖ್ಯವಾದ ಮೀಟಿಂಗ್ ಆ ಹೊತ್ತಿಗೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಮಗನಿಗೆ 6 ತುಂಬಿದೆ, ಇನ್ನೂ ಓದಲು ಬರುವುದಿಲ್ಲ. ಅಕ್ಕನ ಮಗ ಇದೇ ವಯಸ್ಸಿಗೆ ಸರಾಗವಾಗಿ ಓದುತ್ತಾನೆ. ಪಾಠದ ಹೊತ್ತು ಜಾಸ್ತಿ ಮಾಡಲೇ?

ಉತ್ತರ: ಬೇಡ ಅಮ್ಮ. ಫಿನ್‌ಲ್ಯಾಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದೇ 7 ತುಂಬುವ ವರ್ಷದಲ್ಲಿ. ಓದು ಹತ್ತುವ ವಯಸ್ಸು ಮಗುವಿನಿಂದ ಮಗುವಿಗೆ ಬೇರೆ. ದಿನಾ ಹತ್ತು ನಿಮಿಷ ಶಬ್ದದ ಆಟ ಆಡಿ: ಒಂದೇ ಅಕ್ಷರದಿಂದ ಶುರುವಾಗುವ ಪದ ಹೇಳುವುದು, ಪದವನ್ನು ಚಪ್ಪಾಳೆ ತಟ್ಟಿ ಬಿಡಿಸುವುದು. ಅವನು ಹೇಳಿದ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಬೆರಳಿಟ್ಟು ಜೊತೆಗೇ ಓದಿ. ತನ್ನದೇ ಮಾತನ್ನು ಮಕ್ಕಳು ಆಸೆಯಿಂದ ಓದುತ್ತಾರೆ. ಆದರೆ ಕೆಲವು ತಿಂಗಳು ತಪ್ಪದೆ ಕಲಿಸಿದರೂ ಅಕ್ಷರ ಮತ್ತು ಶಬ್ದ ಜೋಡಿಸಲು ಆಗದಿದ್ದರೆ, ಅಥವಾ ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ತೊಂದರೆ ಇದ್ದಿದ್ದರೆ, ಕಾಯಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾ (ಅಕ್ಷರ, ಶಬ್ದ ಜೋಡಿಸಿ ಓದಲು ಕಷ್ಟವಾಗುವ ತೊಂದರೆ) ಪರೀಕ್ಷಿಸುವ ತಜ್ಞರನ್ನು ಕಾಣಿ. ಬೇಗ ಗೊತ್ತಾದರೆ ಕಲಿಸುವ ವಿಧಾನ ಬದಲಿಸಿಕೊಳ್ಳಬಹುದು. ಅಕ್ಕನ ಮಗನ ಹೆಸರನ್ನು ಮಾತ್ರ ಅವನ ಮುಂದೆ ಎತ್ತಬೇಡಿ.